ಒಂದು ಬದು, ಎರಡು ತೋಟ: ಹಿಟ್ಟು ತಿಗಣೆ ಏರಿ ಇಳಿದ ಪ್ರಕರಣ

ಇದು ಚಾಮರಾಜನಗರ ಜಿಲ್ಲೆಯ ಒಂದು ಊರಿನಲ್ಲಿ 2009ರಿಂದ 2012ರ ನಡುವೆ ನಡೆದದ್ದು. ತಮಿಳುನಾಡಿನ ಗಡಿಗೆ ದೂರವಿಲ್ಲದ ಊರು. ಊರಿನ ಹೆಸರು, ಮನೆಯವರ ಹೆಸರು ಹೇಳುವುದಿಲ್ಲ. ಗುರುತು ಹತ್ತದಿರಲಿ ಅಂತ ಒಂದೆರಡು ವಿವರ ಬದಲಿಸಿದ್ದೇನೆ. ರೇಷ್ಮೆ ಬೆಳೆಗಾರರಿಗೆ ಸಲಹೆ ಕೊಡುವ ಕೆಲಸದ ಮೇಲೆ ಆ ಕಡೆ ಓಡಾಡುತ್ತಿದ್ದೆ. ಹಾಗಾಗಿ ಹತ್ತಿರದಿಂದ ನೋಡಲು ಸಿಕ್ಕಿತು.

ಹಿನ್ನೆಲೆ

ಪಾಲಾದ ಅಣ್ಣ ತಮ್ಮಂದಿರು. ಅಪ್ಪನ ಜಮೀನಿಗೆ ನಡುವೆ ಬದು ಹಾಕಿ ಹಂಚಿಕೊಂಡಿದ್ದರು. ಪಡುವಲಿಗೆ ಅಣ್ಣನ ಹಿಪ್ಪುನೇರಳೆ, ಮೂಡಲಿಗೆ ತಮ್ಮನ ಪಪ್ಪಾಯಿ. ಬದುವಿನ ಮೇಲೆ ಅಪ್ಪನ ಕಾಲದ ದಾಸವಾಳದ ಸಾಲು, ಅದರ ಬುಡದಲ್ಲಿ ಕಾಂಗ್ರೆಸ್ ಗಿಡ. ಬದು ಇಬ್ಬರದ್ದು ಅಂತ ಲೆಕ್ಕ. ಅಂದರೆ ಯಾರೂ ನೋಡಿಕೊಳ್ಳುತ್ತಿರಲಿಲ್ಲ.

ಅಣ್ಣ ವರ್ಷಕ್ಕೆ 5 ಬೆಳೆ ರೇಷ್ಮೆ ತೆಗೆಯುತ್ತಿದ್ದರು. ಪ್ರತಿ ಬೆಳೆಗೂ ರೆಂಬೆ ಸಮೇತ ಸೊಪ್ಪು ಕೊಯ್ದು ಹುಳುವಿಗೆ ಹಾಕಬೇಕು. ಸುಮಾರು 70 ದಿನಕ್ಕೊಮ್ಮೆ ಇಡೀ ತೋಟ ಬೋಳಾಗಿ ಮತ್ತೆ ಚಿಗುರುತ್ತದೆ. ತಮ್ಮನ ಪಪ್ಪಾಯಿ ಹಾಗಲ್ಲ. ನೆಟ್ಟ ಗಿಡ ಎರಡು ವರ್ಷ ನಿಂತಲ್ಲೇ ನಿಂತಿರುತ್ತದೆ. ಒಂದು ತೋಟ ಪದೇ ಪದೇ ಖಾಲಿಯಾಗುತ್ತದೆ, ಇನ್ನೊಂದು ಖಾಲಿಯಾಗುವುದೇ ಇಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಮಸ್ಯೆ

ಹಿಟ್ಟು ತಿಗಣೆ, ಅಂದರೆ ಗಿಡದ ರಸ ಹೀರುವ, ಮೈಮೇಲೆ ಬಿಳಿ ಹಿಟ್ಟಿನಂಥ ಮೇಣ ಹೊದ್ದ ಪುಟ್ಟ ಹುಳು, ರೇಷ್ಮೆಯವರಿಗೆ ಹೊಸದೇನಲ್ಲ. ಹಿಪ್ಪುನೇರಳೆಯ ಕುಡಿ ಮುದುರಿ ಗಟ್ಟಿಯಾಗುವ ಟುಕ್ರಾ ಎಲ್ಲರಿಗೂ ಗೊತ್ತು. ಅದನ್ನು ತರುವುದು ಗುಲಾಬಿ ಬಣ್ಣದ ಹಿಟ್ಟು ತಿಗಣೆ. 2009ರ ಮಳೆಗಾಲ ಕಳೆದ ಮೇಲೆ ಅಣ್ಣನ ತೋಟದಲ್ಲಿ ಬಿಳಿ ಹಿಟ್ಟು ಕಾಣಿಸಿದಾಗ ಅವರೂ ಟುಕ್ರಾ ಅಂತಲೇ ಅಂದುಕೊಂಡರು. ಆದರೆ ಕುಡಿ ಮುದುರಿರಲಿಲ್ಲ. ಹಿಟ್ಟು ಎಲೆಯ ಕೆಳಗೆ, ನರದ ಉದ್ದಕ್ಕೂ, ಕಾಂಡದ ಮೇಲೂ ಇತ್ತು. ಹುಳುವನ್ನು ಹಿಸುಕಿದರೆ ಹಳದಿ ರಸ ಬರುತ್ತಿತ್ತು. ಇದು ಪಪ್ಪಾಯಿ ಹಿಟ್ಟು ತಿಗಣೆ, ಪ್ಯಾರಾಕಾಕಸ್ ಮಾರ್ಜಿನೇಟಸ್. ಭಾರತದಲ್ಲಿ ಇದು ಮೊದಲು ಕಂಡದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಅಲ್ಲಿಂದ ಇಲ್ಲಿಗೆ ಬರಲು ಏನು ಕಷ್ಟ? ಸಸಿ, ಹಣ್ಣಿನ ಲಾರಿ, ಕೂಲಿಯವರ ಬಟ್ಟೆ, ಯಾವುದಾದರೂ ಸಾಕು. ಆಗಷ್ಟೇ ಮೊಟ್ಟೆಯೊಡೆದ ಮರಿಗಳು ಎಷ್ಟು ಹಗುರ ಅಂದರೆ ಗಾಳಿಯೇ ಹೊತ್ತೊಯ್ಯುತ್ತದೆ.

ಇದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಪಪ್ಪಾಯಿಯ ತವರೂ ಅದೇ. ಬದುವಿನ ಮೇಲಿದ್ದ ಕಾಂಗ್ರೆಸ್ ಗಿಡವೂ ಅಮೆರಿಕದ ಬಿಸಿ ನಾಡಿನದ್ದೇ. ಪಪ್ಪಾಯಿ ಪೋರ್ಚುಗೀಸರ ಕಾಲದಲ್ಲಿ ಬಂತು, ಕಾಂಗ್ರೆಸ್ ಗಿಡ 1950ರ ದಶಕದಲ್ಲಿ ಪುಣೆಯ ಕಡೆ ಕಣ್ಣಿಗೆ ಬಿತ್ತು, ತಿಗಣೆ 2008ರಲ್ಲಿ ಬಂತು. ಊಟ ಮುಂಚೆಯೇ ಬಂದು ಕಾಯುತ್ತಿತ್ತು, ಉಣ್ಣುವವರು ಆಮೇಲೆ ಬಂದರು. ಮೆಕ್ಸಿಕೊದಲ್ಲಿ ಈ ತಿಗಣೆ ದೊಡ್ಡ ಪೀಡೆಯೇ ಅಲ್ಲ. ಅಲ್ಲಿ ಅದು ಇದೆ, ಆದರೆ ಹೆಚ್ಚುವುದಿಲ್ಲ. ಹವೆ, ಗಿಡ ಎಲ್ಲ ಇಲ್ಲಿಯ ಥರವೇ ಇರುವಾಗ ಇಲ್ಲಿ ಮಾತ್ರ ಯಾಕೆ ಹೆಚ್ಚಿತು? ಅಲ್ಲಿ ಅದನ್ನು ತಿನ್ನುವವರು ಇದ್ದರು. ಅವರು ಮಾತ್ರ ಜೊತೆಗೆ ಬರಲಿಲ್ಲ.

ಒಂದು ಹೆಣ್ಣು ತಿಗಣೆ ಹತ್ತಿಯಂಥ ಚೀಲದಲ್ಲಿ 100ರಿಂದ 600 ಮೊಟ್ಟೆ ಇಡುತ್ತದೆ. ಬೇಸಿಗೆಯಲ್ಲಿ ತಿಂಗಳೊಳಗೆ ಒಂದು ತಲೆಮಾರು ಮುಗಿಯುತ್ತದೆ. ಸಾವು ಇಲ್ಲದಿದ್ದರೆ ಎರಡನೇ ತಲೆಮಾರಿಗೇ ಲೆಕ್ಕ ಸಾವಿರಗಳಲ್ಲಿ. 2010ರ ಮಾರ್ಚ್ ಹೊತ್ತಿಗೆ ತಮ್ಮನ ಪಪ್ಪಾಯಿ ಕಾಯಿಗಳ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪದರ ಇತ್ತು. ತಿಗಣೆ ಹೊರಬಿಡುವ ಸಿಹಿ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು, ಅದರ ಮೇಲೆ ಕಪ್ಪು ಬೂಷ್ಟು ಬೆಳೆದಿತ್ತು. ಅಣ್ಣನ ಮನೆಯಲ್ಲಿ ಹುಳುಗಳು ಅಂಟಿನ ಸೊಪ್ಪನ್ನು ಮುಟ್ಟದೆ ಬಿಡುತ್ತಿದ್ದವು. ಗೂಡು ತೆಳ್ಳಗಾಗಿ ಮಾರುಕಟ್ಟೆಯಲ್ಲಿ ರೇಟು ಬಿತ್ತು.

ಏನೇನು ಮಾಡಿದರು

ಅಣ್ಣನ ಕೈ ಕಟ್ಟಿತ್ತು. ರೇಷ್ಮೆ ಹುಳು ತಾನೇ ಒಂದು ಕೀಟ. ತಿಗಣೆಯನ್ನು ಕೊಲ್ಲುವ ಔಷಧಿ ಅದನ್ನೂ ಕೊಲ್ಲುತ್ತದೆ. ಹಾಗಾಗಿ ಅವರು ಸೋಪಿನ ನೀರು, ಬೇವಿನೆಣ್ಣೆ, ಪಂಪಿನಿಂದ ಜೋರು ನೀರು, ಹತ್ತಿದ ರೆಂಬೆ ಕಡಿದು ಸುಡುವುದು, ಇಷ್ಟನ್ನು ಮಾಡಿದರು. ಸ್ವಲ್ಪ ಇಳಿಯಿತು. ಹೊಸ ಚಿಗುರು ಬಂದ ಕೂಡಲೇ ಬದುವಿನ ಕಡೆಯಿಂದ ಮತ್ತೆ ಶುರು.

ಟುಕ್ರಾಗೆ ಬಳಸುವ ಗುಲಗಂಜಿ ಹುಳುವನ್ನೂ ತಂದು ಬಿಟ್ಟರು. ಕ್ರಿಪ್ಟೋಲೀಮಸ್ ಅನ್ನುವ ಈ ಜೀರುಂಡೆ ಆಸ್ಟ್ರೇಲಿಯಾದ್ದು. 1898ರಲ್ಲೇ ಭಾರತಕ್ಕೆ ತಂದದ್ದು. ಇದರ ಮರಿ ಕೂಡ ಬಿಳಿ ಮೇಣ ಹೊದ್ದು ಹಿಟ್ಟು ತಿಗಣೆಯ ಹಾಗೆಯೇ ಕಾಣುತ್ತದೆ. ತಮ್ಮ ಅದನ್ನು ದೊಡ್ಡ ತಿಗಣೆ ಅಂತ ತಿಳಿದು ಒಂದಷ್ಟನ್ನು ಹೊಸಕಿ ಹಾಕಿದರು. ಇದು ಬಹಳ ತೋಟಗಳಲ್ಲಿ ಆಗುವ ಕೆಲಸ. ಉಳಿದವು ತಿಂದವು, ಚೆನ್ನಾಗಿಯೇ ತಿಂದವು. ಆದರೆ ಇದಕ್ಕೆ ಗುಂಪುಗುಂಪಾಗಿ ತಿಗಣೆ ಇರಬೇಕು. ಸ್ವಲ್ಪ ಕಡಿಮೆಯಾದರೆ ಹಾರಿ ಬೇರೆ ಕಡೆ ಹೋಗುತ್ತದೆ. ಉಳಿದ ನಾಲ್ಕು ತಿಗಣೆ ಮತ್ತೆ ನಾನೂರಾಗುತ್ತವೆ.

ಊರಿನದೇ ಇನ್ನೊಂದು ಬೇಟೆಗಾರ ತಾನಾಗಿ ಬಂದಿತ್ತು. ಏಪ್‌ಫ್ಲೈ ಅನ್ನುವ ಪುಟ್ಟ ಬೂದು ಚಿಟ್ಟೆ. ಚಿಟ್ಟೆ ಮರಿಗಳು ಸೊಪ್ಪು ತಿನ್ನುವುದೇ ರೂಢಿ. ಇದರ ಮರಿ ಮಾಂಸಾಹಾರಿ, ಹಿಟ್ಟು ತಿಗಣೆಯ ಮೊಟ್ಟೆ ಚೀಲಗಳನ್ನೇ ಬಗೆದು ತಿನ್ನುತ್ತದೆ. ಇದರ ಕೋಶ ನೋಡಿದರೆ ಥೇಟು ಮಂಗನ ಮುಖ. ಮಕ್ಕಳು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ತೋರಿಸುತ್ತಿದ್ದರು. 2010ರ ಏಪ್ರಿಲ್‌ನಲ್ಲಿ ಪಪ್ಪಾಯಿ ಎಲೆಯ ಕೆಳಗೆ ಇವು ಸಾಕಷ್ಟಿದ್ದವು. ಈ ಮಾತು ಯಾಕೆ ಹೇಳಿದೆ ಅಂದರೆ, ಮುಂದಿನ ನಿರ್ಧಾರ ಮೊದಲು ಕೊಂದದ್ದು ಇವನ್ನೇ.

ತಮ್ಮ ಔಷಧಿ ಹೊಡೆದರು. ಅವರನ್ನು ತಪ್ಪು ಅನ್ನುವ ಹಾಗಿಲ್ಲ. ಸಾಲ ಮಾಡಿ ನೆಟ್ಟ ತೋಟ, ಕಾಯಿ ಕೊಳ್ಳಲು ವ್ಯಾಪಾರಿ ಬಂದು ನೋಡಿ ವಾಪಸ್ ಹೋಗಿದ್ದ. ಔಷಧಿ ಅಂಗಡಿಯವರು ಎರಡು ಬಾಟಲಿ ಕೊಟ್ಟರು. ಮೊದಲ ವಾರ ತೋಟ ಹಸಿರಾಗಿ ಕಂಡಿತು. ತಿಂಗಳೊಳಗೆ ಮೊದಲಿಗಿಂತ ಜಾಸ್ತಿ ತಿಗಣೆ. ಮತ್ತೆ ಹೊಡೆದರು. ಮತ್ತೆ ಅದೇ ಕಥೆ.

ಯಾಕೆ ಹೀಗಾಯಿತು? ದೊಡ್ಡ ತಿಗಣೆಯ ಮೈಮೇಲೆ ಮೇಣ ಇದೆ, ಮೊಟ್ಟೆಗಳು ಚೀಲದೊಳಗೆ ಇವೆ, ಔಷಧಿ ಎಲ್ಲಕ್ಕೂ ತಲುಪುವುದಿಲ್ಲ. ಬೇಟೆಗಾರರು ಮಾತ್ರ ಎಲೆಯ ಮೇಲೆ ಓಡಾಡುತ್ತಾ ಇರುತ್ತವೆ, ಮೊದಲ ಸಿಂಪಡಣೆಗೇ ಸಾಯುತ್ತವೆ. ಇದರ ಹಿಂದೆ ಒಂದು ಹಳೆಯ ಲೆಕ್ಕವೂ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಏಡ್ರಿಯಾಟಿಕ್ ಸಮುದ್ರದಲ್ಲಿ ಮೀನು ಹಿಡಿಯುವುದು ಕಡಿಮೆಯಾಗಿತ್ತು. ಆಗ ಮಾರುಕಟ್ಟೆಗೆ ಬಂದ ಮೀನಿನಲ್ಲಿ ಶಾರ್ಕಿನಂಥ ಬೇಟೆಗಾರ ಮೀನಿನ ಪಾಲು ಏರಿತ್ತು. ಇದನ್ನು ಗಮನಿಸಿದವರು ಉಂಬರ್ಟೊ ಡಾಂಕೋನಾ. ಲೆಕ್ಕ ಹಾಕಿ 1926ರಲ್ಲಿ ಬರೆದವರು ಅವರ ಮಾವ, ಗಣಿತಜ್ಞ ವಿಟೋ ವೋಲ್ಟೆರಾ. ಬೇಟೆಯನ್ನೂ ಬೇಟೆಗಾರರನ್ನೂ ಒಂದೇ ಸಮನೆ ಹಿಡಿಯುತ್ತಾ ಹೋದರೆ ಸರಾಸರಿಯಲ್ಲಿ ಬೇಟೆಯ ಸಂಖ್ಯೆ ಏರುತ್ತದೆ, ಬೇಟೆಗಾರರದ್ದು ಇಳಿಯುತ್ತದೆ ಅಂತ ಆ ಲೆಕ್ಕ ಹೇಳುತ್ತದೆ. ಹಿಡಿಯುವುದು ನಿಂತಾಗ ಬೇಟೆಗಾರರಿಗೆ ಲಾಭ. ತಮ್ಮನ ಪಂಪು ಮೀನಿನ ಬಲೆಯ ಕೆಲಸವನ್ನೇ ಮಾಡುತ್ತಿತ್ತು. ಕೊಯ್ಲಾಗುತ್ತಿದ್ದದ್ದು ಏಪ್‌ಫ್ಲೈ ಮತ್ತು ಗುಲಗಂಜಿ ಹುಳು, ಲಾಭ ತಿಗಣೆಗೆ.

ಜಗಳ

ಮೇ ತಿಂಗಳಲ್ಲಿ ಅಣ್ಣನ ಮನೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದಿತ್ತು, ಅಂದರೆ ನಾಲ್ಕನೇ ಸಲ ಪೊರೆ ಕಳಚಿತ್ತು. ಸೊಪ್ಪು ಅತಿ ಜಾಸ್ತಿ ಬೇಕಾಗುವ ಹೊತ್ತು. ಆ ವಾರ ತಮ್ಮ ಗಾಳಿ ಇದ್ದ ಸಂಜೆ ಔಷಧಿ ಹೊಡೆದಿದ್ದರು. ಮಾರನೇ ದಿನ ಒಂದು ಕಡೆಯ ಹುಳುಗಳು ತಲೆ ಎತ್ತಿ ಆಡಿಸುತ್ತಾ, ಬಾಯಿಂದ ಹಸಿರು ನೀರು ಕಕ್ಕುತ್ತಾ, ಮೈ ಕುಗ್ಗಿ ಬೀಳತೊಡಗಿದವು.

ರೋಗವೋ ವಿಷವೋ ಅನ್ನುವುದು ಆಗ ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟವರು ಅಣ್ಣನ ಹೆಂಡತಿ. ಸೊಪ್ಪು ಹಾಕುವವರು ಅವರೇ. ಅಂಟಿನ ಸೊಪ್ಪು ಹುಳು ಮುಟ್ಟುವುದಿಲ್ಲ ಅಂತ ಬದುವಿನ ಪಕ್ಕದ ಸಾಲುಗಳ ಸೊಪ್ಪನ್ನು ಅವರು ಬೇರೆ ಹೊರೆ ಕಟ್ಟಿಸಿ, ಒಂದೇ ಸ್ಟ್ಯಾಂಡಿಗೆ ಹಾಕುತ್ತಿದ್ದರು. ಸತ್ತದ್ದು ಆ ಸ್ಟ್ಯಾಂಡಿನ ಹುಳುಗಳು ಮಾತ್ರ. ಒಳಗಿನ ಸಾಲಿನ ಸೊಪ್ಪು ತಿಂದವು ಚೆನ್ನಾಗಿದ್ದವು. ಹೊರೆ ಬೇರೆ ಕಟ್ಟದೆ ಎಲ್ಲ ಕಲಸಿ ಹಾಕಿದ್ದರೆ ಇಡೀ ಬೆಳೆ ಹೋಗುತ್ತಿತ್ತು, ಕಾರಣವೂ ತಿಳಿಯುತ್ತಿರಲಿಲ್ಲ.

"ನಿನ್ ಪಪ್ಪಾಯಿ ಉಳಿಸ್ಕಳಕ್ಕೆ ನನ್ ಹುಳ ಸಾಯ್ಬೇಕೇನ್ಲಾ?" ಅಂತ ಅಣ್ಣ. "ಗಿಡ ಒಣಗೋದ್ ನೋಡ್ಕಂಡು ಸುಮ್ನೆ ಕೂತ್ಕಳ್ಳಾ ಅಂತೀಯಲ್ಲಣ್ಣ" ಅಂತ ತಮ್ಮ. ಎರಡು ಮಾತೂ ನ್ಯಾಯವೇ. ಮುಂಗಾರು ಬಂದು ತಿಗಣೆ ತೊಳೆದುಕೊಂಡು ಹೋಗುವ ತನಕ ಇಬ್ಬರೂ ಮಾತಾಡಲಿಲ್ಲ. ಬೋರ್‌ವೆಲ್ ಸ್ವಿಚ್ಚಿನ ಹತ್ತಿರ ಸರದಿಯ ಚೀಟಿ ಅಂಟಿಸಿ ನೀರು ಹಂಚಿಕೊಂಡರು.

ಇರುವೆಯ ಪಾತ್ರ

ಮಳೆಗಾಲದ ಬಿಡುವಿನಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಲು ತಮ್ಮನನ್ನು ಒಪ್ಪಿಸಿದೆ. ತಿಗಣೆ ಇದ್ದ ಎಲ್ಲ ಪಪ್ಪಾಯಿ ಗಿಡಗಳ ಕಾಂಡದ ಮೇಲೂ ಇರುವೆ ಸಾಲು ಇತ್ತು. ಕಟ್ಟಿರುವೆಯೂ ಇತ್ತು, ಚಿಕ್ಕ ಕಪ್ಪಿರುವೆಯೂ ಇತ್ತು. ಅವು ಬರುವುದು ಸಿಹಿ ಅಂಟಿಗೆ. ಅಂಟು ಕೊಡುವ ತಿಗಣೆಯ ಸುತ್ತ ಕಾವಲು ಇರುತ್ತವೆ, ಹತ್ತಿರ ಬಂದ ಬೇರೆ ಹುಳುವನ್ನು ಅಟ್ಟುತ್ತವೆ. ತಿಗಣೆಗೂ ಇದರಿಂದ ಎರಡು ಲಾಭ: ಕಾವಲು ಒಂದು, ಅಂಟು ಮೈಗೆ ಮೆತ್ತಿ ಬೂಷ್ಟು ಹಿಡಿಯದ ಹಾಗೆ ಶುಚಿ ಇನ್ನೊಂದು.

ಒಂದಷ್ಟು ಗಿಡಗಳ ಬುಡಕ್ಕೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಅದರ ಮೇಲೆ ಗ್ರೀಸ್ ಬಳಿದೆವು. ಪಕ್ಕದ ಗಿಡಗಳನ್ನು ಹಾಗೇ ಬಿಟ್ಟೆವು. ಎಲೆಗಳು ಒಂದಕ್ಕೊಂದು ತಾಗದ ಹಾಗೆ ಸವರಿದೆವು, ಇಲ್ಲದಿದ್ದರೆ ಇರುವೆ ಎಲೆಯಿಂದ ಎಲೆಗೆ ದಾಟುತ್ತದೆ. ಪಟ್ಟಿ ಕಟ್ಟಿದ ಗಿಡಗಳಲ್ಲಿ ಗುಲಗಂಜಿ ಹುಳು ಜಾಸ್ತಿ ಸೇರಿತು, ತಿಗಣೆ ನಿಧಾನವಾಗಿ ಏರಿತು. ಆದರೆ ಏರುವುದಂತೂ ಏರಿತು. ಇರುವೆಯನ್ನು ತಡೆದರೆ ತಿಗಣೆಯ ವೇಗ ತಗ್ಗುತ್ತದೆ, ದಿಕ್ಕು ಬದಲಾಗುವುದಿಲ್ಲ. ಕಾವಲುಗಾರನನ್ನು ತೆಗೆದರೂ ಕೊಲ್ಲುವವನು ಬರದೆ ಕೆಲಸ ಆಗುವುದಿಲ್ಲ, ಅಲ್ವಾ? ಆದರೂ ಈ ಪರೀಕ್ಷೆ ಒಂದು ಉಪಕಾರ ಮಾಡಿತು. ಔಷಧಿ ಇಲ್ಲದೆಯೂ ತೋಟದಲ್ಲಿ ಏನೋ ನಡೆಯುತ್ತದೆ ಅನ್ನುವುದನ್ನು ತಮ್ಮ ಕಣ್ಣಾರೆ ನೋಡಿದರು. ಮುಂದಿನ ಮಾತುಕತೆಗೆ ಇದೇ ದಾರಿಯಾಯಿತು.

ಕಣಜ ಬಂತು

ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೃಷಿ ಕೀಟಗಳ ರಾಷ್ಟ್ರೀಯ ಬ್ಯೂರೊ 2010ರಲ್ಲಿ ಅಮೆರಿಕದ ಕೃಷಿ ಇಲಾಖೆಯ ನೆರವಿನಿಂದ ಪೋರ್ಟೊರಿಕೊದಿಂದ ಮೂರು ಜಾತಿಯ ಪರಾವಲಂಬಿ ಕಣಜಗಳನ್ನು ತರಿಸಿಕೊಂಡಿತು. ಅಸೆರೊಫೇಗಸ್ ಪಪಾಯೆ, ಸೂಡ್‌ಲೆಪ್ಟೊಮ್ಯಾಸ್ಟಿಕ್ಸ್ ಮೆಕ್ಸಿಕಾನ, ಅನಗೈರಸ್ ಲೋಕಿ. ಕೆರಿಬಿಯನ್ ದ್ವೀಪಗಳಲ್ಲಿ ಇದೇ ತಿಗಣೆಯನ್ನು ಇವು ಮೊದಲೇ ಇಳಿಸಿ ತೋರಿಸಿದ್ದವು. ಕ್ವಾರಂಟೈನ್‌ನಲ್ಲಿ ಸಾಕಿ, ಪರೀಕ್ಷಿಸಿ, ಆ ವರ್ಷದ ಕೊನೆಯ ಹೊತ್ತಿಗೆ ತಮಿಳುನಾಡಿನಲ್ಲಿ ಬಿಡಲು ಶುರು ಮಾಡಿದರು. ಆಮೇಲೆ ಕರ್ನಾಟಕಕ್ಕೂ ಬಂದವು. ಮೂರರಲ್ಲಿ ಚೆನ್ನಾಗಿ ನೆಲೆ ನಿಂತದ್ದು ಅಸೆರೊಫೇಗಸ್.

ಈ ಕಣಜ ಒಂದು ಮಿಲಿಮೀಟರ್ ಕೂಡ ಇಲ್ಲ. ಕಚ್ಚುವುದಿಲ್ಲ, ಗೂಡು ಕಟ್ಟುವುದಿಲ್ಲ. ಎಳೆಯ ತಿಗಣೆಯ ಮೈಯೊಳಗೆ ಒಂದು ಮೊಟ್ಟೆ ಇಡುತ್ತದೆ. ಮರಿ ಒಳಗಿನಿಂದ ತಿನ್ನುತ್ತದೆ. ತಿಗಣೆ ಉಬ್ಬಿ, ಕಂದು ಬಣ್ಣಕ್ಕೆ ತಿರುಗಿ, ಗಟ್ಟಿ ಚಿಪ್ಪಾಗುತ್ತದೆ. ಚಿಪ್ಪಿಗೆ ದುಂಡು ತೂತು ಕೊರೆದು ಹೊಸ ಕಣಜ ಹೊರಬರುತ್ತದೆ.

ಇಲ್ಲಿ ಅಣ್ಣ ಒಂದು ಒಳ್ಳೆಯ ಪ್ರಶ್ನೆ ಕೇಳಿದರು. ತಿಗಣೆ ನೂರಾರು ಮೊಟ್ಟೆ ಇಡುತ್ತೆ, ಕಣಜ ಒಂದು ತಿಗಣೆಗೆ ಒಂದೇ ಮೊಟ್ಟೆ ಇಡುತ್ತೆ. ಹಾಗಿದ್ದರೆ ಇದು ಗೆಲ್ಲೋದು ಹೇಗೆ? ಉತ್ತರ ಹೊತ್ತಿನಲ್ಲಿದೆ. ತಿಗಣೆಯ ಒಂದು ತಲೆಮಾರಿಗೆ ತಿಂಗಳು ಹತ್ತಿರ ಬೇಕು, ಕಣಜಕ್ಕೆ ಸುಮಾರು ಅರ್ಧ ಸಾಕು. ಒಂದು ಕಣಜ ಒಂದೇ ತಿಗಣೆಗೆ ನಿಲ್ಲುವುದಿಲ್ಲ, ಹಲವಕ್ಕೆ ಮೊಟ್ಟೆ ಇಡುತ್ತದೆ. ಅದೂ ತಿಗಣೆ ಎಳೆಯದಿರುವಾಗ, ಅದು ಮೊಟ್ಟೆ ಚೀಲ ಕಟ್ಟುವ ಮುಂಚೆ. ಜೊತೆಗೆ ಇದು ಗುಲಗಂಜಿ ಹುಳುವಿನ ಹಾಗೆ ಗುಂಪಿಗಾಗಿ ಕಾಯುವುದಿಲ್ಲ. ಇಡೀ ಗಿಡದಲ್ಲಿ ಎಲ್ಲೋ ಒಂದೆರಡು ತಿಗಣೆ ಇದ್ದರೂ ಹುಡುಕಿ ಹಿಡಿಯುತ್ತದೆ. ಬೇರೆ ಊಟ ಅದಕ್ಕೆ ಬೇಡವೇ ಬೇಡ.

ತಿರುವು

2011ರ ಆರಂಭದಲ್ಲಿ ಕಣಜದ ಟ್ಯೂಬುಗಳು ಅಣ್ಣನ ಹೆಸರಿಗೆ ಬಂದವು, ರೇಷ್ಮೆ ಬೆಳೆಗಾರರ ಲೆಕ್ಕದಲ್ಲಿ. ಅವರು ತಮ್ಮ ಹಿಪ್ಪುನೇರಳೆಯಲ್ಲೇ ಬಿಡಬೇಕು ಅಂದರು. ನಾನು ಪಪ್ಪಾಯಿಯಲ್ಲಿ ಬಿಡೋಣ ಅಂದೆ. "ನನಗೆ ಬಂದ ಹುಳ ಅವನ ಗಿಡಕ್ಕೆ ಯಾಕೆ?" ಅಂತ ಅವರಿಗೆ ಸಿಟ್ಟು ಬಂತು.

ಕಾರಣ ಮೊದಲೇ ಹೇಳಿದ ಆ 70 ದಿನ. ಹಿಪ್ಪುನೇರಳೆಯಲ್ಲಿ ಬಿಟ್ಟರೆ ಕಣಜ ಎರಡು ಮೂರು ತಲೆಮಾರು ಬೆಳೆಯುತ್ತದೆ. ಅಷ್ಟರಲ್ಲಿ ರೆಂಬೆ ಕೊಯ್ಲು. ಒಳಗೆ ಮರಿ ಇರುವ ಚಿಪ್ಪುಗಳೆಲ್ಲ ಸೊಪ್ಪಿನ ಜೊತೆ ಹುಳು ಮನೆಗೆ, ಅಲ್ಲಿಂದ ಗೊಬ್ಬರದ ಗುಂಡಿಗೆ. ತಿಗಣೆ ಮಾತ್ರ ಬದುವಿನ ದಾಸವಾಳದಿಂದ, ಕಾಂಗ್ರೆಸ್ ಗಿಡದಿಂದ ಹೊಸ ಚಿಗುರಿಗೆ ಇಳಿಯುತ್ತದೆ. ಕಣಜ ಪ್ರತಿ ಸಲ ಸೊನ್ನೆಯಿಂದ ಶುರು ಮಾಡಬೇಕು. ಪಪ್ಪಾಯಿ ಕಡಿಯದೆ ನಿಲ್ಲುವ ಗಿಡ. ಕಣಜಕ್ಕೆ ಅಲ್ಲಿ ವರ್ಷಪೂರ್ತಿ ಮನೆ. ಅಲ್ಲಿಂದ ಬದು ದಾಟಿ ಬರುವುದು ಅದಕ್ಕೆ ಏನೂ ಅಲ್ಲ. ಅಣ್ಣನ ರೇಷ್ಮೆ ಉಳಿಯಬೇಕಾದರೆ ತಮ್ಮನ ತೋಟ ಕಣಜದ ತೊಟ್ಟಿಲಾಗಬೇಕಿತ್ತು.

ಅದಕ್ಕೆ ತಮ್ಮ ಎರಡು ಕೆಲಸ ಬಿಡಬೇಕಿತ್ತು. ಒಂದು, ಔಷಧಿ ಪೂರ್ತಿ ನಿಲ್ಲಿಸಬೇಕು. ಎರಡು, ತಿಗಣೆ ಹತ್ತಿದ ಎಲೆ, ಕಾಯಿಗಳನ್ನು ಕಿತ್ತು ಸುಡಬಾರದು. ಎರಡನೆಯದು ಹೆಚ್ಚು ಕಷ್ಟ. ಒಂದೂವರೆ ವರ್ಷ ನಾವೆಲ್ಲ ಹೇಳಿದ್ದು ಕಿತ್ತು ಸುಡಿ ಅಂತ. ಕಣಜ ಇಲ್ಲದಾಗ ಅದು ಸರಿಯಾದ ಸಲಹೆ. ಕಣಜ ಬಂದ ಮೇಲೆ ಅದೇ ಕೆಲಸ ನಷ್ಟ, ಯಾಕೆಂದರೆ ಆ ಎಲೆಗಳಲ್ಲಿರುವ ತಿಗಣೆಗಳಲ್ಲಿ ಯಾವುದರೊಳಗೆ ಕಣಜ ಇದೆಯೋ ಬರಿಗಣ್ಣಿಗೆ ಮೊದಲ ದಿನಗಳಲ್ಲಿ ಗೊತ್ತಾಗುವುದಿಲ್ಲ. ಹತ್ತಿರದ ಬೇರೆ ತೋಟಗಳಲ್ಲಿ ಕಣಜ ಬಿಟ್ಟ ಮೇಲೂ ಸುಡುತ್ತಿದ್ದರು, ಇದೇ ಕಾರಣಕ್ಕೆ ಅಲ್ಲಿ ತಡವಾಯಿತು.

ತಮ್ಮನಿಗೆ ಸಿಗುವುದೇನು? ಒಂದು ಹಂಗಾಮಿನ ಕಾಯಿ ಕೆಡುತ್ತದೆ ಅನ್ನುವುದು ಖಾತ್ರಿ. ಲಾಭ ಮೊದಲು ಕಾಣುವುದು ಅಣ್ಣನ ಗೂಡಿನಲ್ಲಿ. ಇಂಥ ಕಡೆ ವಿಜ್ಞಾನದ ಮಾತು ಕೆಲಸ ಮಾಡುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಮಾತು ಮುಗಿಸಿದವರು ಮತ್ತೆ ಅಣ್ಣನ ಹೆಂಡತಿಯೇ. ಮುಂದಿನ ಒಂದು ಬೆಳೆಯ ಗೂಡು ಮಾರಿದ ದುಡ್ಡಿನಲ್ಲಿ ಪಪ್ಪಾಯಿ ಸಾಲದ ಬಡ್ಡಿ ಕಟ್ಟುತ್ತೇವೆ ಅಂತ ಮೈದುನನಿಗೆ ಹೇಳಿದರು. ಗಂಡನನ್ನು ಕೇಳಿ ಹೇಳಿದರೋ, ಹೇಳಿ ಆಮೇಲೆ ಕೇಳಿದರೋ ಗೊತ್ತಿಲ್ಲ. ಇಬ್ಬರೂ ಒಪ್ಪಿದರು.

ಸಂಜೆ ತಂಪು ಹೊತ್ತಿನಲ್ಲಿ, ಇರುವೆಗೆ ಗ್ರೀಸ್ ಪಟ್ಟಿ ಕಟ್ಟಿದ್ದ ಗಿಡಗಳಲ್ಲೇ ಟ್ಯೂಬು ತೆರೆದೆವು. ಹಳೆಯ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬಂತು.

ಏನಾಯಿತು

ಮೂರನೇ ವಾರಕ್ಕೆ ಕಂದು ಚಿಪ್ಪುಗಳು ಕಂಡವು, ಪಟ್ಟಿ ಇದ್ದ ಗಿಡಗಳಲ್ಲಿ ಮೊದಲು. ಏಪ್ರಿಲ್‌ನಲ್ಲಿ ತಿಗಣೆ ಇನ್ನೂ ಏರುತ್ತಲೇ ಇತ್ತು. ಇದು ಎಲ್ಲರೂ ಎದೆಗುಂದುವ ಹೊತ್ತು. ಕಣಜ ಹೆಚ್ಚಲು ತಿಗಣೆ ಹೆಚ್ಚಿರಬೇಕು, ಹಾಗಾಗಿ ಅದರ ಏರಿಕೆ ಯಾವಾಗಲೂ ಒಂದು ಹೆಜ್ಜೆ ಹಿಂದೆ. ತಮ್ಮ ಅಂಗಡಿಗೆ ಹೋಗಿ ಬಾಟಲಿ ತಂದೂ ಆಗಿತ್ತು. ಆ ಸಂಜೆ ಮಸೂರದಲ್ಲಿ ಒಂದು ಎಲೆಯ ಚಿಪ್ಪುಗಳನ್ನು, ಅದರ ತೂತುಗಳನ್ನು ತೋರಿಸಿದೆವು. ತೂತು ಇದೆ ಅಂದರೆ ಕಣಜ ಹೊರಗೆ ಬಂದು ಕೆಲಸ ಶುರು ಮಾಡಿದೆ ಅಂತ. ಬಾಟಲಿ ಮುಚ್ಚಳ ತೆಗೆಯದೆ ಕೊಟ್ಟಿಗೆಯ ಸೂರಿಗೆ ಸೇರಿತು.

ಮೇ ಕೊನೆಯಲ್ಲಿ ಪಪ್ಪಾಯಿಯ ಹೊಸ ಎಲೆಗಳು ಬಿಳಿ ಇಲ್ಲದೆ ಬಂದವು. ಅಣ್ಣನ ತೋಟದಲ್ಲಿ ಬದುವಿನ ಸಾಲುಗಳು ಮೊದಲು ಚೇತರಿಸಿಕೊಂಡವು. ಹಿಂದೆ ತಿಗಣೆ ಮೊದಲು ಬರುತ್ತಿದ್ದದ್ದೂ ಅಲ್ಲಿಗೇ. ಆಮೇಲೆ ಮಳೆ ಬಂತು.

ಮಳೆ ಬಂದು ಇಳಿಯಿತು ಅನ್ನಬಹುದಲ್ಲ? ಊರಿನಲ್ಲಿ ಹಾಗೆ ಹೇಳಿದವರಿದ್ದರು. 2010ರಲ್ಲೂ ಮಳೆಗೆ ತಿಗಣೆ ತೊಳೆದು ಹೋಗಿತ್ತು. ಆದರೆ ಮಳೆ ನಿಂತ ಕೂಡಲೇ ಮತ್ತೆ ಏರಿತ್ತು. ಮಳೆಗೆ ತಿಗಣೆ ಕಡಿಮೆ ಇದೆಯೋ ಜಾಸ್ತಿ ಇದೆಯೋ ಗೊತ್ತಾಗುವುದಿಲ್ಲ, ಬಂದಷ್ಟು ಹೊತ್ತು ತೊಳೆಯುತ್ತದೆ, ಹೋಗುತ್ತದೆ. ಕಣಜ ತಿಗಣೆ ಹೆಚ್ಚಿದರೆ ತಾನೂ ಹೆಚ್ಚುತ್ತದೆ, ಇಳಿದರೆ ಇಳಿಯುತ್ತದೆ. 2012ರ ಬೇಸಿಗೆ ಒಣ ಬೇಸಿಗೆಯಾಗಿದ್ದರೂ ತಿಗಣೆ ಅಲ್ಲೊಂದು ಇಲ್ಲೊಂದು ಮಾತ್ರ ಇತ್ತು. ಹುಡುಕಿದರೆ ಪಕ್ಕದಲ್ಲೇ ಒಂದು ಕಂದು ಚಿಪ್ಪು. ಅಷ್ಟಾದರೂ ಇದು ಪಕ್ಕಾ ಪ್ರಯೋಗವಲ್ಲ. ಕಣಜ ಬಿಡದ ತೋಟವನ್ನು ಹೋಲಿಸಲು ಇಟ್ಟುಕೊಂಡಿರಲಿಲ್ಲ, ಇಟ್ಟುಕೊಂಡಿದ್ದರೂ ಕಣಜ ಅಲ್ಲಿಗೆ ಹಾರಿ ಹೋಗುತ್ತಿತ್ತು.

ತಿಗಣೆ ಪೂರ್ತಿ ಹೋಗಲಿಲ್ಲ. ಹೋಗುವುದೂ ಬೇಡ. ತಿಗಣೆ ಸೊನ್ನೆಯಾದರೆ ಕಣಜವೂ ಸೊನ್ನೆ. ಆಮೇಲೆ ಗಾಳಿಯಲ್ಲಿ ಬಂದ ಒಂದು ತಿಗಣೆ ಸಾಕು, 2009 ಮತ್ತೆ ಬರುತ್ತದೆ. ದಾಸವಾಳದ ಮೇಲೆ ನಾಲ್ಕು ತಿಗಣೆ ಇರಲಿ ಅನ್ನುವ ಮಾತನ್ನು ಅಣ್ಣ ಒಪ್ಪಿದ್ದು ಬಹಳ ತಡವಾಗಿ. ಬದುವನ್ನು ಚೊಕ್ಕ ಮಾಡಿ ತಂತಿ ಬೇಲಿ ಹಾಕಬೇಕು ಅಂತ ಅವರಿಗೆ ಆಸೆ ಇತ್ತು. ಕಾಂಗ್ರೆಸ್ ಗಿಡ ಕಿತ್ತರು, ದಾಸವಾಳ ಬಿಟ್ಟರು.

ಬೇರೆಯವರು ಗಮನಿಸಬೇಕಾದ ಇನ್ನೊಂದು ಘಟನೆ ಇದೆ. 2012ರಲ್ಲಿ ಪಪ್ಪಾಯಿಗೆ ಉಂಗುರ ಚುಕ್ಕೆ ವೈರಸ್ ಬಂತು. ಅದನ್ನು ಹರಡುವುದು ಗಿಡದ ರಸ ಹೀರುವ ಸಸ್ಯಹೇನು. ತಮ್ಮ ಹೇನಿಗೆ ಅಂತ ತೋಟದ ಮೂಡಲ ಅರ್ಧಕ್ಕೆ ಔಷಧಿ ಹೊಡೆದರು. ಬದುವಿನ ಕಡೆಯ ಅರ್ಧಕ್ಕೆ, ಅಣ್ಣನ ಸೊಪ್ಪಿನ ಭಯಕ್ಕೆ, ಹೊಡೆಯಲಿಲ್ಲ. ಸ್ವಲ್ಪ ದಿನಕ್ಕೆ ಮೂಡಲ ಅರ್ಧದಲ್ಲಿ ಹಿಟ್ಟು ತಿಗಣೆ ಎದ್ದಿತು, ಬದುವಿನ ಅರ್ಧದಲ್ಲಿ ಇಲ್ಲ. ಒಂದೇ ತೋಟ, ಒಂದೇ ನೀರು, ಒಂದೇ ಗೊಬ್ಬರ. ಈ ಸಲ ಯಾರೂ ಏನೂ ಮಾಡಲಿಲ್ಲ. ಕಣಜ ಬದುವಿನ ಕಡೆಯಿಂದ ಸಾಲು ಸಾಲಾಗಿ ಮೂಡಲಿಗೆ ಹೋದದ್ದು ಚಿಪ್ಪುಗಳಿಂದಲೇ ತಿಳಿಯುತ್ತಿತ್ತು. ಎರಡು ತಿಂಗಳಿಗೆ ಅಲ್ಲೂ ಇಳಿಯಿತು. ಹೇನು ಇಳಿಯಲಿಲ್ಲ, ವೈರಸ್ಸೂ ನಿಲ್ಲಲಿಲ್ಲ. ಒಂದು ಕಣಜ ಒಂದು ತಿಗಣೆಯ ಲೆಕ್ಕ ಮಾತ್ರ ನೋಡಿಕೊಳ್ಳುತ್ತದೆ.

ಇಂಥದ್ದು ಮತ್ತೆ ಆಗಿದೆ. 2020ರಲ್ಲಿ ಕೇರಳದ ತ್ರಿಶೂರಿನಲ್ಲಿ ಮರಗೆಣಸಿನ ಹಿಟ್ಟು ತಿಗಣೆ ಕಾಣಿಸಿತು. ಆಫ್ರಿಕಾದಲ್ಲಿ 1980ರ ದಶಕದಲ್ಲಿ ಅದನ್ನು ಇಳಿಸಿದ್ದ ಅನಗೈರಸ್ ಲೊಪೆಜಿ ಕಣಜವನ್ನು ಬೆನಿನ್ ದೇಶದಿಂದ ತರಿಸಿ, 2022ರಲ್ಲಿ ಸೇಲಂ ಕಡೆ ಬಿಟ್ಟರು. ಅಲ್ಲಿಯ ಬೆಳೆಗಾರರೂ ಕಿತ್ತು ಸುಡುವುದನ್ನು ಯಾವ ದಿನ ನಿಲ್ಲಿಸಬೇಕು ಅನ್ನುವ ಪ್ರಶ್ನೆಗೆ ಬಂದಿರುತ್ತಾರೆ.

ಅಣ್ಣ ತಮ್ಮಂದಿರ ಮುಂದೆ ಕೊನೆಗೆ ಉಳಿದ ಪ್ರಶ್ನೆ ಬೇರೆ. ಎರಡು ವರ್ಷ ಮುಗಿದ ಪಪ್ಪಾಯಿ ತೋಟ ತೆಗೆಯಬೇಕು. ಕಣಜದ ದೃಷ್ಟಿಯಿಂದ ಅರ್ಧ ಗಿಡ ಉಳಿಸಿಕೊಂಡು ಅರ್ಧ ಹೊಸದು ನೆಡುವುದು ಒಳ್ಳೆಯದು. ವೈರಸ್ಸಿನ ದೃಷ್ಟಿಯಿಂದ ಒಂದು ಹಳೆಯ ಗಿಡವೂ ಉಳಿಯಬಾರದು, ಹೇನು ಅಲ್ಲಿಂದ ಹೊಸ ಸಸಿಗೆ ರೋಗ ತರುತ್ತದೆ. ಎರಡೂ ಒಟ್ಟಿಗೆ ಆಗುವುದಿಲ್ಲ. ಅವರು ಪಪ್ಪಾಯಿಯನ್ನು ಪೂರ್ತಿ ಕಿತ್ತರು. ಕೀಳುವ ಮುಂಚೆ ಚಿಪ್ಪು ಜಾಸ್ತಿ ಇದ್ದ ಎಲೆಗಳನ್ನು ಆರಿಸಿ ದಾಸವಾಳದ ಸಾಲಿಗೆ ಕಟ್ಟಿದರು. ಹೊಸ ಸಸಿ ಇಡುವ ತನಕ ಆ ಜಾಗಕ್ಕೆ ರಾಗಿ ಹಾಕಿದರು. ದಾಸವಾಳದ ಸಾಲನ್ನು ಅಣ್ಣ ಬದುವಿನ ಇನ್ನೊಂದು ತುದಿಯವರೆಗೂ ಕಡ್ಡಿ ನೆಟ್ಟು ಬೆಳೆಸಿದರು, ನೀರು ಅವರ ಸರದಿಯಲ್ಲೇ.